ರಾಗಿಕಾಳಿನಷ್ಟು ರಂಧ್ರ

ಗಾಳಿಗೆ ಬೆಲೆಯಿಲ್ಲವೆಂಬುದು ಲೋಕದ ರೂಢಿ. ನೆಲಕ್ಕೆ ಕಂದಾಯವುಂಟು, ನಾಲೆಯ ನೀರಿಗೆ ಕರವುಂಟು. ಗಾಳಿಗೆ ಮಾತ್ರ ಇದುವರೆಗೆ ಯಾರೂ ತೆರಿಗೆ ಹಾಕಿಲ್ಲ. ಆದರೆ ಅದೇ ಗಾಳಿಯನ್ನು ಎಂಟರಲ್ಲಿ ಒಂದು ಪಾಲು ಜಾಗಕ್ಕೆ ಅದುಮಿ, ಉಕ್ಕಿನ ತೊಟ್ಟಿಯಲ್ಲಿ ತುಂಬಿ, ಕೊಳವೆಗಳ ಮೂಲಕ ಕಾರ್ಖಾನೆಯ ಮೂಲೆಮೂಲೆಗೂ ಕಳುಹಿಸಿದೆವಾದರೆ, ಅದು ಅಲ್ಲಿ ಬಳಕೆಯಾಗುವ ಶಕ್ತಿಗಳಲ್ಲೆಲ್ಲ ಅತಿ ದುಬಾರಿಯಾದುದೆನಿಸುತ್ತದೆ. ವಿದ್ಯುತ್ತಿಗೆ ಕೊಡುವ ಹತ್ತು ರೂಪಾಯಿಯಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ರೂಪಾಯಿಯಷ್ಟು ಕೆಲಸ ಮಾತ್ರ ಗಾಳಿಯಿಂದ ನಡೆಯುವ ಉಪಕರಣದ ತುದಿಯಲ್ಲಿ ನಮಗೆ ದೊರೆಯುವುದು. ಉಳಿದುದು ಎಲ್ಲಿಗೆ ಹೋಯಿತು? ಅದರಲ್ಲಿ ಪ್ರಕೃತಿಯ ನಿಯಮಕ್ಕೆ ಸಲ್ಲಿಸಲೇಬೇಕಾದ ಪಾಲೆಷ್ಟು, ನಮ್ಮ ಉದಾಸೀನದಿಂದ ಪೋಲಾಗುವ ಪಾಲೆಷ್ಟು? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಸಂಪೀಡಿತ ವಾಯು ಎಂಬ ಹೆಸರು ಗ್ರಂಥಸ್ಥವಾದುದು. ವಸ್ತುವೇನೋ ನಮ್ಮ ಕಣ್ಣ ಮುಂದಿನದೇ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಹೆದ್ದಾರಿಯ ಬದಿಯಲ್ಲಿ ಎಷ್ಟು ಪಂಕ್ಚರ್ ಅಂಗಡಿಗಳಿವೆಯೋ ಅಷ್ಟು ಕಂಪ್ರೆಸರುಗಳಿವೆ. ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸುಗಳಲ್ಲಿ ಹಿಂದೆ ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜವನ್ನೂ ಒಡಕು ಬೀಜವನ್ನೂ ಕೈಯಿಂದಲೇ ಆರಿಸುತ್ತಿದ್ದರು. ಆ ಕೆಲಸದ ಬಹುಭಾಗ ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರದ ಪಾಲಾಗಿದೆ. ಬೀಜಗಳು ಇಳಿಜಾರಾದ ದೋಣಿಯಲ್ಲಿ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ; ಬಣ್ಣಗೆಟ್ಟ ಬೀಜ ಕಂಡೊಡನೆ ಸೂಜಿಮೂತಿಯ ನಳಿಗೆಯೊಂದು ಕೆಲವೇ ಮಿಲಿಸೆಕೆಂಡುಗಳ ಕಾಲ ಗಾಳಿಯನ್ನು ಊದಿ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಹೊಳೆನರಸೀಪುರ, ಅರಕಲಗೂಡುಗಳಂತಹ ಬತ್ತದ ಸೀಮೆಗಳಲ್ಲಿ ಅಕ್ಕಿ ಗಿರಣಿಗಳು ಕಲ್ಲನ್ನೂ ಕಂದಿದ ಕಾಳನ್ನೂ ತೆಗೆಯುವುದು ಇದೇ ಬಗೆಯ ಯಂತ್ರದಿಂದ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿರುವಂತಹ ಸಕ್ಕರೆ ಕಾರ್ಖಾನೆಗಳಲ್ಲಿ, ಹಾಸನದಲ್ಲಿರುವಂತಹ ಹಾಲಿನ ಡೈರಿಗಳಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ಕೈಯೆಂದರೆ ಗಾಳಿಯೇ. ನೂಲಿನ ಗಿರಣಿಗಳಲ್ಲಿ ಕಡಿದ ಎಳೆಗಳೆರಡನ್ನು ಗಂಟಿಲ್ಲದಂತೆ ಹೆಣೆಯುವುದೂ ಗಾಳಿ. ಹೊಸ ಮಾದರಿಯ ಮಗ್ಗಗಳಲ್ಲಿ ಲಾಳಿಯ ಬದಲು ಹೊಕ್ಕನ್ನು ಹೊತ್ತೊಯ್ಯುವುದೂ ಗಾಳಿ.

ಇಷ್ಟು ದುಬಾರಿಯಾದುದನ್ನು ಏಕೆ ಬಳಸಬೇಕು, ನೇರವಾಗಿ ವಿದ್ಯುತ್ತನ್ನೇ ಬಳಸಬಾರದೇ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಳಿಯ ಉಪಕರಣ ಹಗುರ, ಸರಳ; ತಡೆದು ನಿಲ್ಲಿಸಿದರೂ ಸುಟ್ಟುಹೋಗುವುದಿಲ್ಲ; ನೀರು ಬಿದ್ದರೆ ಶಾಕ್ ಹೊಡೆಯುವುದಿಲ್ಲ; ಕಿಡಿ ಹಾರಿಸುವುದಿಲ್ಲ. ಈ ಗುಣಗಳ ಬೆಲೆಯನ್ನು ಮೊದಲು ಕಂಡುಕೊಂಡವರು ಸುರಂಗ ತೋಡುವವರು, ಗಣಿಯವರು. ಆಲ್ಪ್ಸ್ ಪರ್ವತದ ಫ್ರೆಜೂ ಸುರಂಗದಲ್ಲಿ ೧೮೬೧ರಿಂದ ಸೊಮೆಯೆ ಎಂಬ ಎಂಜಿನಿಯರನು ಗಾಳಿಯ ಬೈರಿಗೆಗಳನ್ನು ಹೂಡಿದನು. ೧೮೭೧ರಲ್ಲಿ ಸುರಂಗ ಸಂಚಾರಕ್ಕೆ ತೆರೆಯಿತು. ನಮ್ಮ ನಾಡಿನ ಉದಾಹರಣೆಯೆಂದರೆ ಕೋಲಾರದ ಚಿನ್ನದ ಗಣಿ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ತಂತಿಯ ಮೇಲೆ ಹರಿದು ಅಲ್ಲಿಗೆ ಬಂದ ವಿದ್ಯುತ್ತಿನ ಒಂದು ಪಾಲು ಗಾಳಿಯನ್ನು ಅದುಮುವುದಕ್ಕೆ ವೆಚ್ಚವಾಗುತ್ತಿತ್ತು. ಬಂಡೆಯನ್ನು ಕೊರೆಯುತ್ತಿದ್ದುದು ಆ ಗಾಳಿ. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಆ ಬೇಗೆಯಲ್ಲಿ ಬೈರಿಗೆಯಿಂದ ಹೊರಬೀಳುವ ಗಾಳಿ ತಂಪಾಗಿರುತ್ತಿದ್ದುದು ಗಣಿಯ ಕೆಲಸಗಾರನಿಗೆ ಬಿಟ್ಟಿ ದೊರೆತ ಲಾಭ. ೨೦೦೧ರಲ್ಲಿ ಆ ಗಣಿ ಮುಚ್ಚಿತು. ಆದರೆ ಗಣಿಯ ಆಳದಲ್ಲಿ ಲೆಕ್ಕಕ್ಕೆ ಸರಿಹೋಗುವ ಖರ್ಚು ಅಕ್ಕಿಯ ಗಿರಣಿಯಲ್ಲಿಯೂ ಸರಿಹೋಗುತ್ತದೆಂದು ಹೇಳಲಾಗದು.

ಈಗ ಭೌತಶಾಸ್ತ್ರಕ್ಕೆ ಬರೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಮುಟ್ಟಿ ನೋಡದ ಹುಡುಗರಿಲ್ಲ. ಅದು ಬರಿಯ ತಿಕ್ಕಾಟದ ಬಿಸಿಯಲ್ಲ. ಒಳನುಗ್ಗುತ್ತಿರುವ ಕೊಂತಕ್ಕೆ ಬಡಿದ ಅಣು, ಎದುರಿನಿಂದ ಬರುತ್ತಿರುವ ದಾಂಡಿಗೆ ಬಡಿದ ಚೆಂಡಿನಂತೆ, ಬಂದುದಕ್ಕಿಂತ ಹೆಚ್ಚಿನ ವೇಗದಿಂದ ಹಿಂದಿರುಗುತ್ತದೆ. ಅಣುಗಳ ವೇಗ ಹೆಚ್ಚಿತೆಂದರೆ ಉಷ್ಣತೆ ಏರಿತೆಂದೇ ಅರ್ಥ. ೨೭ ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು, ಬಿಸಿ ಹೊರಹೋಗಲು ಅವಕಾಶವೇ ಕೊಡದೆ, ಒತ್ತಡ ಎಂಟು ಮಡಿಯಾಗುವವರೆಗೆ ಅದುಮಿದರೆ ಅದರ ಉಷ್ಣತೆ ೨೭೦ ಡಿಗ್ರಿಗೆ ಏರುತ್ತದೆ. ಬಿಸಿಯಾದ ಗಾಳಿ ಹಿಗ್ಗಬಯಸುವುದರಿಂದ ಅದುಮುವ ಕೊಂತವನ್ನು ಎದುರಿಸಿ ನೂಕುತ್ತದೆ. ನಾವು ಇನ್ನೂ ಹೆಚ್ಚು ಕೆಲಸ ಮಾಡಬೇಕಾಗುತ್ತದೆ. ಒಂದು ಘನಮೀಟರ್ ಗಾಳಿಗೆ ಈ ಕೆಲಸ ೨೮೪ ಕಿಲೋಜೂಲ್. ಇದಕ್ಕೆ ವಿರುದ್ಧವಾಗಿ, ಹುಟ್ಟಿದ ಬಿಸಿಯನ್ನು ಹುಟ್ಟಿದ ಹಾಗೆಯೇ ಹೊರಗೆ ಸಾಗಿಸಿ ಗಾಳಿಯನ್ನು ಮೊದಲಿನ ಉಷ್ಣತೆಯಲ್ಲಿಯೇ ಇರಿಸಿಕೊಂಡು ಅದುಮುವುದಾದರೆ ೨೦೮ ಕಿಲೋಜೂಲ್ ಸಾಕು. ವ್ಯತ್ಯಾಸ ಕಾಲುಭಾಗಕ್ಕಿಂತಲೂ ಹೆಚ್ಚು!

ಆದುದರಿಂದ ತಂಪಾಗಿ ಅದುಮುವುದೇ ಜಾಣತನ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಒಮ್ಮೆ ಗಮನವಿಟ್ಟು ನೋಡಿ. ಹಲವು ಯಂತ್ರಗಳಲ್ಲಿ ಒಂದು ದೊಡ್ಡ ಸಿಲಿಂಡರ್, ಒಂದು ಚಿಕ್ಕ ಸಿಲಿಂಡರ್, ಎರಡರ ನಡುವೆ ರೆಕ್ಕೆಗಳುಳ್ಳ ಕೊಳವೆ ಇರುತ್ತದೆ. ದೊಡ್ಡದು ಅರ್ಧ ಕೆಲಸ ಮಾಡಿ ಗಾಳಿಯನ್ನು ಕೊಳವೆಗೆ ದಾಟಿಸುತ್ತದೆ; ಕೊಳವೆಯಲ್ಲಿ ಅದು ತಣಿಯುತ್ತದೆ; ತಣಿದು ಕುಗ್ಗಿದ ಗಾಳಿಯನ್ನು ಚಿಕ್ಕದು ಮತ್ತೆ ಅದುಮುತ್ತದೆ. ಹೀಗೆ ಎರಡು ಹಂತದಲ್ಲಿ ಮಾಡಿದರೆ, ನಡುವೆ ಪೂರ್ಣವಾಗಿ ತಣಿಸುವುದಾದರೆ, ೨೮೪ ಇದ್ದುದು ೨೪೨ಕ್ಕೆ ಇಳಿಯುತ್ತದೆ. ರೆಕ್ಕೆಗಳ ಮೇಲೆ ಎಣ್ಣೆಯೂ ಧೂಳೂ ಸೇರಿ ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಈ ಉಳಿತಾಯದಲ್ಲಿ ಬಹುಪಾಲು ಹೋಯಿತೆಂದೇ ತಿಳಿಯಬೇಕು. ಒಂದು ತಂತಿಬ್ರಷ್ಷಿನ ಕೆಲಸ, ಮಾಡುವವರು ಕಡಮೆ.

ಪ್ರಾಸಂಗಿಕವಾಗಿ ಒಂದು ಮಾತು. ಆದರ್ಶಕ್ಕೆ ಅತಿ ಸಮೀಪವಾಗಿ ಬಂದ ಕಂಪ್ರೆಸರಿನಲ್ಲಿ ಚಲಿಸುವ ಭಾಗವೇ ಇರಲಿಲ್ಲ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಕೋಬಾಲ್ಟ್ ಎಂಬ ಊರಿನ ಬೆಳ್ಳಿಯ ಗಣಿಗಳಿಗಾಗಿ ೧೯೧೦ರಲ್ಲಿ ಅದನ್ನು ಕಟ್ಟಿದರು. ನದಿಯ ನೀರನ್ನು ನೂರು ಮೀಟರಿಗೂ ಆಳವಾದ ಬಾವಿಯೊಳಕ್ಕೆ ಧುಮುಕಿಸಿ, ಅದರೊಡನೆ ಗಾಳಿಯ ಗುಳ್ಳೆಗಳನ್ನು ಎಳೆದೊಯ್ದು, ತಳದ ಗುಹೆಯಲ್ಲಿ ನೀರನ್ನೂ ಗಾಳಿಯನ್ನೂ ಬೇರ್ಪಡಿಸುತ್ತಿದ್ದರು. ಸುತ್ತಲೂ ತಣ್ಣೀರೇ ಇದ್ದುದರಿಂದ ಗುಳ್ಳೆ ಬಿಸಿಯಾಗುವ ಮಾತೇ ಇರಲಿಲ್ಲ. ಅದು ಸುಮಾರು ಎಪ್ಪತ್ತು ವರ್ಷ ದುಡಿಯಿತು. ನಮ್ಮ ಪಶ್ಚಿಮಘಟ್ಟದ ಜಲಪಾತಗಳಲ್ಲಿ ಯಾರಾದರೂ ಇಂತಹುದನ್ನು ಕಟ್ಟಲಿ ಎಂದು ನಾವು ಹೇಳುತ್ತಿಲ್ಲ. ಬಿಸಿಯೇ ಶತ್ರುವೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನಮಗೆ ತಿಳಿಯದು, ಅಷ್ಟೆ.

ಮೇಲಿನ ಸಂಖ್ಯೆಗಳು ಯಂತ್ರದಲ್ಲಿ ಯಾವ ದೋಷವೂ ಇಲ್ಲವೆಂದು ಹಿಡಿದವು. ನಿಜವಾದ ಕಂಪ್ರೆಸರಿನಲ್ಲಿ ತಿಕ್ಕಾಟವುಂಟು, ಮೋಟಾರಿನ ನಷ್ಟವುಂಟು, ಒಳಸೋರಿಕೆಯುಂಟು. ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕಾಣುವ, ೩೭ ಕಿಲೋವ್ಯಾಟಿನ, ಎಂದರೆ ೫೦ ಅಶ್ವಶಕ್ತಿಯ ಕಂಪ್ರೆಸರ್ ಏಳು ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು ಆರು ಘನಮೀಟರ್ ಗಾಳಿಯನ್ನು ಕೊಡುತ್ತದೆ. ಲೆಕ್ಕ ಹಾಕಿದರೆ ಘನಮೀಟರಿಗೆ ೩೭೦ ಕಿಲೋಜೂಲ್, ಎಂದರೆ ಯೂನಿಟ್ಟಿನ ಹತ್ತರಲ್ಲೊಂದು ಪಾಲು. ಯೂನಿಟ್ಟಿಗೆ ಏಳು ರೂಪಾಯಿಯೆಂದು ಹಿಡಿದರೆ ಒಂದು ಘನಮೀಟರ್ ಗಾಳಿಗೆ ಎಪ್ಪತ್ತು ಪೈಸೆ. ಮನುಷ್ಯನೊಬ್ಬ ದಿನವೊಂದಕ್ಕೆ ಉಸಿರಾಡುವುದು ಹತ್ತು ಹನ್ನೊಂದು ಘನಮೀಟರ್. ಕಂಪ್ರೆಸರಿನ ಧಾರಣೆಯಲ್ಲಿ ಉಸಿರಾಡಬೇಕಾಗಿ ಬಂದಿದ್ದರೆ ಬಡವರು ಬದುಕುವುದು ಕಷ್ಟವಾಗುತ್ತಿತ್ತು.

ಇಲ್ಲೊಂದು ಸೋಜಿಗವಿದೆ. ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಯನ್ನು ಹಾಕುವುದುಂಟು: ತೊಟ್ಟಿಯಲ್ಲಿ ತಣ್ಣಗಾಗಿ ಕುಳಿತಿರುವ ಅದುಮಿದ ಗಾಳಿಯಲ್ಲಿ, ಅದುಮುವುದಕ್ಕೆ ಮುಂಚೆ ಇದ್ದುದಕ್ಕಿಂತ ಎಷ್ಟು ಹೆಚ್ಚು ಶಕ್ತಿಯಿದೆ? ಬಹುಮಂದಿ ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ. ಸರಿಯಾದ ಉತ್ತರ, ಹೆಚ್ಚುಕಡಮೆ ಏನೂ ಇಲ್ಲ! ಅನಿಲದ ಒಳಶಕ್ತಿ ಅದರ ಅಣುಗಳ ವೇಗದಲ್ಲಿದೆ. ವೇಗ ಉಷ್ಣತೆಯನ್ನು ಅವಲಂಬಿಸಿದೆ. ಉಷ್ಣತೆ ಮೊದಲಿನದೇ ಆಗಿದ್ದಮೇಲೆ ಶಕ್ತಿಯೂ ಮೊದಲಿನದೇ. ಹಾಗಾದರೆ ನಾವು ತೆತ್ತ ೩೭೦ ಕಿಲೋಜೂಲ್? ಅದಷ್ಟೂ ಬಿಸಿಯಾಗಿ ಕಂಪ್ರೆಸರ್ ಕೊಠಡಿಯ ಕಿಟಕಿಯಿಂದ ಹೊರಟುಹೋಗಿದೆ. ನಾವು ಕೊಂಡುದು ಶಕ್ತಿಯನ್ನಲ್ಲ, ಒಂದು ವ್ಯವಸ್ಥೆಯನ್ನು. ಬಯಲಿನಲ್ಲಿ ಚದುರಿ ಆಡುವ ಮಕ್ಕಳಿಗೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ ಮಕ್ಕಳಿಗೂ ಕಾಲಿನ ಬಲ ಒಂದೇ. ಆದರೆ ಬಿಡುವಿನ ಗಂಟೆ ಬಾರಿಸಿದಾಗ ಕೋಣೆಯ ಬಾಗಿಲಿಗೆ ಅಡ್ಡ ನಿಂತವನ ಗತಿಯನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಗಾಳಿಯೂ ಹಾಗೆಯೇ. ಹಿಗ್ಗುವಾಗ ಅದು ಮಾಡುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತನ್ನ ಸ್ವಂತ ಬಿಸಿಯಿಂದಲೂ ಸುತ್ತಲಿನಿಂದಲೂ ಎರವಲು ಪಡೆಯುತ್ತದೆ. ಆದುದರಿಂದಲೇ ಗಾಳಿಯ ಉಪಕರಣದ ಮೂತಿ ತಣ್ಣಗಾಗುವುದು, ಕೋಲಾರದ ಬೈರಿಗೆ ತಂಪನ್ನು ಸೂಸುತ್ತಿದ್ದುದು. ಉಪಕರಣದೊಳಗೆ ಹಿಗ್ಗುವುದಕ್ಕೆ ಸಾಕಷ್ಟು ಕಾಲವೂ ಇಲ್ಲ, ಬಿಸಿಯನ್ನು ಹೀರುವುದಕ್ಕೆ ಅನುಕೂಲವೂ ಇಲ್ಲ; ಗಾಳಿ ಅರೆಬರೆ ಹಿಗ್ಗಿ, ಇನ್ನೂ ಕಸುವಿರುವಾಗಲೇ ಬುಸ್ಸೆಂದು ಹೊರಗೆ ಹೋಗುತ್ತದೆ. ಪ್ರಕೃತಿಗೆ ತೆರುವ ಸುಂಕ ಇದು. ಇದನ್ನು ತಪ್ಪಿಸಿಕೊಳ್ಳುವುದು ಸುಲಭವಲ್ಲ. ಹಾಗೆಂದೇ ಉಳಿದ ನಷ್ಟಗಳ ಮೇಲೆ ಕಣ್ಣಿಡಬೇಕಾಗಿದೆ.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಎರಡು ವಿಶೇಷಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಮೊದಲನೆಯದು ಎತ್ತರ. ಹಾಸನ ಸಮುದ್ರಮಟ್ಟಕ್ಕಿಂತ ೯೦೦ ಮೀಟರಿಗೂ ಮೇಲಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳೂ ೮೦೦ ಮೀಟರಿಗೆ ಕಡಮೆಯಿಲ್ಲ. ಪಠ್ಯಪುಸ್ತಕ ವಾಯುಭಾರವನ್ನು ೭೬ ಸೆಂಟಿಮೀಟರ್ ಪಾದರಸವೆಂದು ಸಾರುತ್ತಿದ್ದರೂ ಇಲ್ಲಿನ ಪ್ರಯೋಗಶಾಲೆಯಲ್ಲಿ ಪಾದರಸ ೬೮ರ ಸುಮಾರಿನಲ್ಲಿಯೇ ನಿಲ್ಲುತ್ತದೆ. ಎಂದರೆ ಹತ್ತರಲ್ಲೊಂದು ಪಾಲು ಗಾಳಿ ಇಲ್ಲಿ ಕಡಮೆ. ಮೇಲೆ ಹೇಳಿದ ಕಂಪ್ರೆಸರ್ ಶಿರಾಡಿ ಘಾಟಿಯ ಕೆಳಗೆ ಮಂಗಳೂರಿನಲ್ಲಿದ್ದರೆ ನಿಮಿಷಕ್ಕೆ ಏಳು ಕಿಲೋಗ್ರಾಂ ಗಾಳಿಯನ್ನು ಒಳಗೆ ಸೆಳೆದೀತು. ಹಾಸನದಲ್ಲಿ ಸೆಳೆಯುವುದು ಆರೂಕಾಲು ಕಿಲೋಗ್ರಾಮಿಗೆ ತುಸು ಹೆಚ್ಚು. ಮೇಲಾಗಿ ಅದೇ ಏಳು ಬಾರಿಗೆ ಏರಿಸಬೇಕಾದರೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕು. ಒಂದು ಕಿಲೋಗ್ರಾಮಿಗೆ ತಗಲುವ ಕೆಲಸ ನೂರಕ್ಕೆ ಐದರಷ್ಟು ಹೆಚ್ಚು. ಯಂತ್ರ ಕೊಳ್ಳುವಾಗ ಫಲಕದ ಮೇಲಿನ ಸಂಖ್ಯೆಯನ್ನಷ್ಟೇ ನಂಬಿದವರು ಆಮೇಲೆ ಗಾಳಿ ಸಾಲದೆಂದು ದೂರುವುದಕ್ಕೆ ಇದೂ ಒಂದು ಕಾರಣ.

ಎತ್ತರದಿಂದ ಇನ್ನೊಂದು ಅನುಕೂಲವೂ ಉಂಟು. ನಮ್ಮ ಗಾಳಿ ತಂಪು. ಒಳಗೆ ಸೆಳೆಯುವ ಗಾಳಿ ಮೂರು ಡಿಗ್ರಿ ತಂಪಾಗಿದ್ದರೆ ಅದೇ ತೂಕದ ಗಾಳಿಗೆ ಬೇಕಾಗುವ ಶಕ್ತಿ ನೂರಕ್ಕೆ ಒಂದು ಪಾಲು ಕಡಮೆಯಾಗುತ್ತದೆ. ಆದರೆ ಕಂಪ್ರೆಸರನ್ನು ಕಿಟಕಿಯಿಲ್ಲದ ತಗಡಿನ ಕೋಣೆಯಲ್ಲಿಟ್ಟು, ಅದು ಉಗುಳಿದ ಬಿಸಿಯನ್ನೇ ಅದಕ್ಕೆ ಮತ್ತೆ ಕುಡಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಹೊರಗೆ ೨೭ ಡಿಗ್ರಿಯಿದ್ದು ಕೋಣೆಯೊಳಗೆ ೪೫ ಇದ್ದರೆ ನೂರಕ್ಕೆ ಆರು ಪಾಲು ನಷ್ಟ. ಉತ್ತರ ದಿಕ್ಕಿನ ನೆರಳಿನಿಂದ ಗಾಳಿ ಸೆಳೆಯುವಂತೆ ಒಂದು ಅಗಲವಾದ ತಗಡಿನ ಕೊಳವೆ ಹಾಕಿಸಿದರೆ ಅದು ತಪ್ಪುತ್ತದೆ.

ಎರಡನೆಯ ವಿಶೇಷ ನೀರು. ಮುಂಗಾರು ಹಿಡಿದಾಗ ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹದಿನೆಂಟು ಗ್ರಾಂ ನೀರಾವಿ ಇರುವುದು ಅಚ್ಚರಿಯಲ್ಲ. ಅದುಮಿ ತಣಿಸಿದ ಗಾಳಿ ಅದರಲ್ಲಿ ನಾಲ್ಕೈದು ಗ್ರಾಮನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದ ಹದಿಮೂರು ಗ್ರಾಂ ನೀರಾಗಿ ಕೆಳಗಿಳಿಯುತ್ತದೆ. ನಮ್ಮ ಐವತ್ತು ಅಶ್ವಶಕ್ತಿಯ ಕಂಪ್ರೆಸರ್ ಎಂಟು ಗಂಟೆ ನಡೆದರೆ ಹೀಗೆ ಇಳಿಯುವ ನೀರು ಮೂವತ್ತೇಳು ಲೀಟರ್. ಎರಡು ಕೊಡ ತುಂಬಿ ಮಿಗುತ್ತದೆ. ಈ ನೀರು ಕೊಳವೆಗೆ ತುಕ್ಕು ಹಿಡಿಸುತ್ತದೆ. ಕಾಫಿ ಬೀಜ ಹಾರಿಸುವ ನಳಿಗೆಯ ಕವಾಟವನ್ನು ಕೆಡಿಸುತ್ತದೆ. ಎಣ್ಣೆಯೊಡನೆ ಬೆರೆತು ಬಂದರೆ ಒಳ್ಳೆಯ ಬೀಜಕ್ಕೂ ವಾಸನೆ ಅಂಟಿಸುತ್ತದೆ. ಇದನ್ನು ಹೊರಗೆ ಬಿಡುವುದಕ್ಕೆ ತೊಟ್ಟಿಯ ತಳದಲ್ಲಿ ಒಂದು ಕೋಳಿ ಇರುತ್ತದೆ. ಕೆಲಸಗಾರ ಗಂಟೆಗೊಮ್ಮೆ ಬಂದು ತಿರುಗಿಸುವ ಬೇಸರಕ್ಕೆ ಅದನ್ನು ಸ್ವಲ್ಪ ತೆರೆದೇ ಇಟ್ಟುಬಿಡುತ್ತಾನೆ. ನೀರು ಹೋದಮೇಲೆ ಹಗಲಿರುಳೂ ಹೋಗುವುದು ಗಾಳಿ.

ಇದೇ ನಮ್ಮ ಮುಖ್ಯ ವಿಷಯ, ಸೋರಿಕೆ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಕಲೆಯಾಗುತ್ತದೆ, ಹಬೆ ಸೋರಿದರೆ ಕಾಣುತ್ತದೆ. ಗಾಳಿ ಸೋರಿದರೆ ಏನೂ ಕಾಣದು. ಗಿರಣಿಯ ಗದ್ದಲದಲ್ಲಿ ಅದರ ಸಿಳ್ಳೂ ಕೇಳದು. ಒತ್ತಡದ ಏಳು ಬಾರ್ ಒಳಗಿದ್ದು ಹೊರಗೆ ವಾಯುಮಂಡಲವಿದ್ದರೆ ರಂಧ್ರದ ಇಕ್ಕಟ್ಟಿನಲ್ಲಿ ಗಾಳಿ ಶಬ್ದದ ವೇಗವನ್ನೇ ಮುಟ್ಟುತ್ತದೆ, ಸೆಕೆಂಡಿಗೆ ಮುನ್ನೂರು ಮೀಟರಿಗೂ ಹೆಚ್ಚು. ಇಕ್ಕಟ್ಟಿನಲ್ಲಿ ಅದಕ್ಕಿಂತ ವೇಗವಾಗಿ ಹೋಗುವಂತಿಲ್ಲ. ಆದುದರಿಂದ ಸೋರುವ ಪ್ರಮಾಣವನ್ನು ನಿರ್ಧರಿಸುವವು ರಂಧ್ರದ ಅಗಲ ಮತ್ತು ಒಳಗಿನ ಒತ್ತಡ, ಇವೆರಡೇ ಮುಖ್ಯ. ರಾಗಿಕಾಳೊಂದು ತೂರುವಷ್ಟು, ಎಂದರೆ ಒಂದೂವರೆ ಮಿಲಿಮೀಟರಿಗೆ ತುಸು ಹೆಚ್ಚು ಅಗಲದ ರಂಧ್ರದಿಂದ ಹೋಗುವ ಗಾಳಿಯನ್ನು ತುಂಬಿಕೊಡಲು ಕಂಪ್ರೆಸರಿಗೆ ೦.೮ ಕಿಲೋವ್ಯಾಟ್ ಬೇಕು. ಒಂದು ಅಶ್ವಶಕ್ತಿಗೂ ಅದು ಮಿಗಿಲು! ಅಗಲ ಇಮ್ಮಡಿಯಾದರೆ ನಷ್ಟ ನಾಲ್ಮಡಿ. ಮೂರು ಮಿಲಿಮೀಟರ್ ದಾಟಿದ ರಂಧ್ರಕ್ಕೆ ಸುಮಾರು ಮೂರು ಕಿಲೋವ್ಯಾಟ್. ದಿನವಿಡೀ ನಡೆಯುವ ಕಾರ್ಖಾನೆಯಲ್ಲಿ ವರ್ಷಕ್ಕೆ ಮುನ್ನೂರು ದಿನವೆಂದರೆ ೨೧,೬೦೦ ಯೂನಿಟ್, ಒಂದೂವರೆ ಲಕ್ಷ ರೂಪಾಯಿ.

ಈ ಸಂಖ್ಯೆಯನ್ನು ಇನ್ನೊಂದು ರೀತಿಯಿಂದ ನೋಡಬಹುದು. ೨೦೨೩ರಲ್ಲಿ ಮಳೆ ಕೈಕೊಟ್ಟು, ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ಬಿದ್ದುದು, ಪಂಪುಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ ಸಾಲದೆ ರೈತರು ಬೀದಿಗಿಳಿದುದು ವಾಚಕರಿಗೆ ನೆನಪಿರಬಹುದು. ಹೊಲದ ಬಾವಿಯ ಐದು ಅಶ್ವಶಕ್ತಿಯ ಪಂಪಿಗೆ ಬೇಕಾದುದು ಮೂರೂಮುಕ್ಕಾಲು ಕಿಲೋವ್ಯಾಟ್. ಮೂರು ಮಿಲಿಮೀಟರಿನ ಒಂದು ರಂಧ್ರವೂ ರಾಗಿಕಾಳಿನಷ್ಟು ಒಂದು ರಂಧ್ರವೂ ಸೇರಿದರೆ ಒಬ್ಬ ರೈತನ ಪಂಪು ನಡೆದೀತು. ಸೋರಿಕೆಯನ್ನು ಕಟ್ಟಿದೊಡನೆ ಆ ವಿದ್ಯುತ್ತು ಅರಕಲಗೂಡಿನ ಆಲೂಗೆಡ್ಡೆಯ ಹೊಲಕ್ಕೆ ತಾನೇ ಹರಿದುಹೋಗುವುದಿಲ್ಲ, ನಿಜ. ಆದರೂ ಎರಡೂ ಒಂದೇ ಜಾಲದಿಂದ ಬರುವ ವಿದ್ಯುತ್ತೆಂಬುದನ್ನು ಮರೆಯಲಾಗದು.

ಸೋರಿಕೆಯ ಮೊತ್ತವನ್ನು ಅಳೆಯುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ, ಕೈಗಡಿಯಾರ ಸಾಕು. ಬೇಕಾದುದು ಕಾರ್ಖಾನೆಯಲ್ಲಿ ಬೇರೆ ಯಾವ ಯಂತ್ರವೂ ಗಾಳಿ ಬಳಸದ ಒಂದು ಗಂಟೆ. ಆಯುಧಪೂಜೆಯ ದಿನ ಇದಕ್ಕೆ ಪ್ರಶಸ್ತ. ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಜನರೆಲ್ಲ ಮನೆಗೆ ಹೋದಮೇಲೆ ಕಂಪ್ರೆಸರನ್ನು ಮಾತ್ರ ನಡೆಯಬಿಡಬೇಕು. ತೊಟ್ಟಿ ತುಂಬಿದೊಡನೆ ಅದು ಗಾಳಿ ಕೊಡುವುದನ್ನು ನಿಲ್ಲಿಸುತ್ತದೆ. ಎಲ್ಲಿಯೂ ಸೋರದಿದ್ದರೆ ಮತ್ತೆ ಆರಂಭಿಸಲು ಕಾರಣವೇ ಇಲ್ಲ. ಆದರೆ ಆರಂಭಿಸುತ್ತದೆ. ಎರಡು ನಿಮಿಷ ಗಾಳಿ ಕೊಟ್ಟು ಆರು ನಿಮಿಷ ಸುಮ್ಮನಿದ್ದು, ಮತ್ತೆ ಎರಡು ನಿಮಿಷ ಕೊಟ್ಟಿತೆನ್ನಿ. ಎಂಟು ನಿಮಿಷದಲ್ಲಿ ಎರಡು ನಿಮಿಷದ ಗಾಳಿ ಸೋರಿಹೋಯಿತು. ಎಂದರೆ ಕಂಪ್ರೆಸರಿನ ಸಾಮರ್ಥ್ಯದ ಕಾಲುಭಾಗ. ಇದು ಉತ್ಪ್ರೇಕ್ಷೆಯ ಉದಾಹರಣೆಯಲ್ಲ. ಪಾಲನೆಯಿಲ್ಲದ ಕಾರ್ಖಾನೆಗಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಸೋರಿಕೆ ಲೋಕದಲ್ಲೆಲ್ಲ ಸಾಮಾನ್ಯ. ನಮ್ಮ ೩೭ ಕಿಲೋವ್ಯಾಟಿನ ಯಂತ್ರದಲ್ಲಿ ಕಾಲುಭಾಗವೆಂದರೆ ಒಂಬತ್ತು ಕಿಲೋವ್ಯಾಟ್. ದಿನವಿಡೀ ನಡೆದರೆ ವರ್ಷಕ್ಕೆ ನಾಲ್ಕೂವರೆ ಲಕ್ಷ ರೂಪಾಯಿ ಮಿಕ್ಕುತ್ತದೆ. ಚಿಕ್ಕ ಅಕ್ಕಿ ಗಿರಣಿಯೊಂದಕ್ಕೆ ಇದು ಇಬ್ಬರು ಮೂವರು ಕೆಲಸಗಾರರ ಸಂಬಳ.

ರಂಧ್ರ ಎಲ್ಲಿದೆಯೆಂದು ಹುಡುಕುವುದು ಇನ್ನೂ ಸುಲಭ. ಸಾಬೂನಿನ ನೊರೆಯನ್ನು ಕುಂಚದಿಂದ ಬಳಿಯುತ್ತ ಹೋದರೆ ಗುಳ್ಳೆ ಏಳುವ ಕಡೆ ಸೋರಿಕೆಯಿದೆ. ಸೋರುವ ಗಾಳಿಯ ಸಿಳ್ಳಿನಲ್ಲಿ ನಮ್ಮ ಕಿವಿಗೆ ನಿಲುಕದ, ಸೆಕೆಂಡಿಗೆ ನಲವತ್ತು ಸಾವಿರ ಕಂಪನಗಳಂತಹ ಸ್ವರಗಳೂ ಇರುವುದರಿಂದ, ಅವನ್ನು ಹಿಡಿದು ಕೇಳಿಸುವ ಕೈಯುಪಕರಣವೂ ದೊರೆಯುತ್ತದೆ; ಗಿರಣಿ ನಡೆಯುತ್ತಿರುವಾಗಲೂ ಅದರಿಂದ ಹುಡುಕಬಹುದು. ಹೆಚ್ಚಿನ ಸೋರಿಕೆ ನೆಟ್ಟನೆಯ ಕೊಳವೆಯಲ್ಲಿರುವುದಿಲ್ಲ. ರಬ್ಬರ್ ಹೋಸಿನ ಕೊರಳಿನಲ್ಲಿ, ತಿರುಪಿನ ಜೋಡಣೆಗಳಲ್ಲಿ, ಸೋಸುಗದ ಬಟ್ಟಲಿನಲ್ಲಿ, ವರ್ಷಗಳ ಹಿಂದೆ ಕೆಲಸ ಬಿಟ್ಟ ಯಂತ್ರಕ್ಕೆ ಇನ್ನೂ ಜೋಡಿಸಿಕೊಂಡೇ ಇರುವ ಕೊಂಬೆಯಲ್ಲಿ ಇರುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರು ಅನೇಕ ವೇಳೆ ಸಾಕಾಗುತ್ತದೆ.

ಒತ್ತಡದ ವಿಚಾರದಲ್ಲಿ ನಮ್ಮ ಜನರಿಗೆ ಒಂದು ವಿಚಿತ್ರವಾದ ಔದಾರ್ಯವಿದೆ. ಒಂದು ಮೂಲೆಯ ಯಂತ್ರಕ್ಕೆ ಗಾಳಿ ಸಾಲದೆಂದರೆ ಕಂಪ್ರೆಸರಿನ ಒತ್ತಡವನ್ನು ಒಂದು ಬಾರ್ ಏರಿಸಿಬಿಡುತ್ತಾರೆ. ಒಂದು ಬಾರ್ ಇಳಿಸಿದರೆ ನೂರಕ್ಕೆ ಆರರಿಂದ ಎಂಟರಷ್ಟು ವಿದ್ಯುತ್ ಉಳಿಯುವ ಕಡೆ, ಏರಿಸಿದರೆ ಅಷ್ಟೇ ಹೆಚ್ಚು ಖರ್ಚು, ಸೋರಿಕೆಯೂ ಹೆಚ್ಚು. ನಿಜವಾದ ರೋಗ ಬಹುಮಟ್ಟಿಗೆ ಕೊಳವೆಯಲ್ಲಿರುತ್ತದೆ. ಒಂದೇ ಪ್ರಮಾಣದ ಗಾಳಿಯನ್ನು ಅರ್ಧ ಅಗಲದ ಕೊಳವೆಯಲ್ಲಿ ನುಗ್ಗಿಸಿದರೆ ದಾರಿಯಲ್ಲಿ ನಷ್ಟವಾಗುವ ಒತ್ತಡ ಎರಡು ಮಡಿಯಲ್ಲ, ನಾಲ್ಕು ಮಡಿಯಲ್ಲ, ಸುಮಾರು ಮೂವತ್ತೆರಡು ಮಡಿ. ಗಿರಣಿ ಬೆಳೆದಂತೆಲ್ಲ ಹಳೆಯ ಸಣ್ಣ ಕೊಳವೆಗೇ ಕೊಂಬೆ ಕಟ್ಟುತ್ತ ಹೋಗುವವರು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು. ಗಾಳಿ ಬೇಡವಾದಾಗಲೂ ಬರಿದೇ ತಿರುಗುತ್ತಿರುವ ಸ್ಕ್ರೂ ಕಂಪ್ರೆಸರ್ ಪೂರ್ಣ ಶಕ್ತಿಯ ಕಾಲುಭಾಗಕ್ಕಿಂತ ಕಡಮೆ ನುಂಗುವುದು ವಿರಳವೆಂಬುದನ್ನೂ ಇದರೊಡನೆ ಸೇರಿಸಬಹುದು.

ಇನ್ನು ದುರುಪಯೋಗ. ಪೊರಕೆಯಿಂದ ಗುಡಿಸುವ ಕಡೆ ಗಾಳಿಯಿಂದ ಊದುವುದು, ಬಿಸಿಯಾದ ಬೇರಿಂಗಿಗೆ ಗಾಳಿಯ ಕೊಳವೆಯನ್ನು ಹಿಡಿದು ಕಟ್ಟುವುದು, ಇವೆಲ್ಲ ದಿನನಿತ್ಯದ ನೋಟ. ಮೆಲ್ಲನೆ ಊದುವ ಕೆಲಸಕ್ಕೆ ಹತ್ತರಲ್ಲೊಂದು ಬಾರ್ ಒತ್ತಡದ ಬ್ಲೋಅರ್ ಸಾಕು. ಅಷ್ಟೇ ಗಾಳಿಗೆ ಅದಕ್ಕೆ ಬೇಕಾಗುವ ಕೆಲಸ ಏಳು ಬಾರಿನ ಗಾಳಿಗೆ ಬೇಕಾದುದರಲ್ಲಿ ಇಪ್ಪತ್ತನೆಯ ಒಂದು ಪಾಲು. ಎಲ್ಲಕ್ಕಿಂತ ಕೆಟ್ಟದ್ದು, ಪಾಳಿ ಮುಗಿದಮೇಲೆ ಮೈಮೇಲಿನ ತೌಡನ್ನೋ ಹತ್ತಿಯ ಧೂಳನ್ನೋ ಗಾಳಿಯಿಂದ ಹಾರಿಸಿಕೊಳ್ಳುವ ಅಭ್ಯಾಸ. ಇಲ್ಲಿ ಮಾತು ವಿದ್ಯುತ್ತಿನದಲ್ಲ. ಆ ಗಾಳಿ ಕಣ್ಣನ್ನು ಕೆಡಿಸಬಲ್ಲದು, ಕಿವಿಯ ತಮಟೆಯನ್ನು ಹರಿಯಬಲ್ಲದು, ಗಾಯವಿದ್ದ ಕಡೆ ಚರ್ಮದೊಳಕ್ಕೆ ನುಗ್ಗಬಲ್ಲದು. ೨೦೨೪ರ ಮಾರ್ಚಿನಲ್ಲಿ ಬೆಂಗಳೂರಿನ ವಾಹನ ದುರಸ್ತಿಯ ಅಂಗಡಿಯೊಂದರಲ್ಲಿ ತಮಾಷೆಗೆಂದು ಗೆಳೆಯನ ದೇಹದೊಳಕ್ಕೆ ಇಂತಹ ಗಾಳಿಯನ್ನು ಬಿಟ್ಟುದರಿಂದ ತರುಣನೊಬ್ಬ ಕರುಳು ಒಡೆದು ಪ್ರಾಣವನ್ನೇ ಕಳೆದುಕೊಂಡನು. ನಳಿಗೆಯನ್ನು ಮನುಷ್ಯನ ಕಡೆಗೆ ತಿರುಗಿಸಕೂಡದೆಂಬುದು ಪ್ರತಿಯೊಂದು ಗಿರಣಿಯಲ್ಲಿಯೂ ಮೊದಲ ದಿನವೇ ಹೇಳಿಕೊಡಬೇಕಾದ ಪಾಠ.

ಕೊನೆಯದಾಗಿ, ಕಿಟಕಿಯಿಂದ ಹೊರಟುಹೋದ ಆ ಬಿಸಿಯ ವಿಚಾರ. ಕಂಪ್ರೆಸರ್ ನುಂಗಿದ ವಿದ್ಯುತ್ತೆಲ್ಲ ಬಿಸಿಯಾಗುವುದೆಂದು ಹೇಳಿದೆವಷ್ಟೆ. ಹಾಗಾದರೆ ಅದು ಗಾಳಿ ಕೊಡುವ ಯಂತ್ರವಾಗಿರುವಂತೆಯೇ ಬಿಸಿ ಕೊಡುವ ಒಲೆಯೂ ಹೌದು. ಎಣ್ಣೆಯಿಂದ ತಣಿಸುವ ಸ್ಕ್ರೂ ಕಂಪ್ರೆಸರುಗಳಲ್ಲಿ ಆ ಬಿಸಿಯ ಎಪ್ಪತ್ತು ಪಾಲನ್ನಾದರೂ ನೀರಿಗೆ ದಾಟಿಸಿ ಹಿಡಿಯಬಹುದು. ನಮ್ಮ ೩೭ ಕಿಲೋವ್ಯಾಟಿನ ಯಂತ್ರದಿಂದ ಗಂಟೆಗೆ ಆರುನೂರು ಲೀಟರಿಗೂ ಹೆಚ್ಚು ನೀರನ್ನು ೨೫ ಡಿಗ್ರಿಯಿಂದ ೬೦ ಡಿಗ್ರಿಗೆ ಕಾಯಿಸಬಹುದು. ಹಾಲಿನ ಡೈರಿಗೆ ಕ್ಯಾನುಗಳನ್ನೂ ಕೊಳವೆಗಳನ್ನೂ ತೊಳೆಯಲು ದಿನವಿಡೀ ಬೇಕಾದುದು ಇಂತಹ ನೀರೇ. ಅಕ್ಕಿ ಗಿರಣಿಯವರು ಕುಸುಬಲು ಬತ್ತವನ್ನು ನೆನೆಸುವುದೂ ಬಿಸಿನೀರಿನಲ್ಲಿಯೇ. ಕಾಫಿಯವರಿಗೆ ನೀರು ಬೇಡ, ಬೆಚ್ಚನೆಯ ಒಣಗಾಳಿ ಬೇಕು. ಗಾಳಿಯಿಂದ ತಣಿಯುವ ಕಂಪ್ರೆಸರು ಅದನ್ನು ಕೊಟ್ಟೇ ಕೊಡುತ್ತದೆ, ಮಳೆಗಾಲದಲ್ಲಿ ಗೋದಾಮಿನ ತೇವ ಕಳೆಯುವುದಕ್ಕೆ ಅದು ಒದಗೀತು. ಹೊಸ ಕಂಪ್ರೆಸರ್ ಕೊಳ್ಳುವಾಗಲೇ ಈ ಏರ್ಪಾಟನ್ನು ಕೇಳಿ ಪಡೆಯುವುದು ಅಗ್ಗ. ಹಳೆಯದಕ್ಕಾದರೆ ಎಣ್ಣೆಯ ಸುತ್ತಿನಲ್ಲಿ ಒಂದು ಉಷ್ಣವಿನಿಮಯಕವನ್ನು ಸೇರಿಸಬೇಕು; ಬಿಸಿನೀರು ಬೇಕಾದ ಜಾಗ ಕಂಪ್ರೆಸರ್ ಕೊಠಡಿಗೆ ಹತ್ತಿರವಿದ್ದಷ್ಟೂ ಕೊಳವೆಯ ಖರ್ಚು ಕಡಮೆ.